ಇಪ್ಪತ್ತರಲ್ಲಿ ಹದಿನೆಂಟು

“ಮೇಡಂ, ಒಂಚೂರು ಬರ್ತೀರಾ” ಎಂದು ಗ್ಯಾಪು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ಕರೆದಾಗ ಜರಡಿ ಮೇಡಂ ಆ ದಿನದ ಆರನೇ ಜರಡಿಯನ್ನು ನಲ್ಲಿಯ ಕೆಳಗೆ ಹಿಡಿದಿದ್ದರು. ಒಂಚೂರು ಬರುವುದೆಂದರೆ ತೊಟ್ಟಿಯಿಂದ ಮೇಜಿಗೆ ಹನ್ನೆರಡು ಹೆಜ್ಜೆ. ಹಿಂದೆ ಅದು ಏಳು ಹೆಜ್ಜೆಯಾಗಿತ್ತು. ಕೋಣೆಯೇನೂ ದೊಡ್ಡದಾಗಿಲ್ಲ, ಮೊಣಕಾಲು ಹಳೆಯದಾಗಿದೆ.

ಮ್ಯೂಸಿಯಮ್ಮಿನ ನೆಲಮಾಳಿಗೆಯ ಆ ಕೋಣೆಯಲ್ಲಿ ಅವರು ಇಪ್ಪತ್ನಾಲ್ಕು ವರ್ಷದಿಂದ ಮಾಡುತ್ತ ಬಂದದ್ದು ಒಂದೇ ಕೆಲಸ. ಅಗೆಯುವವರು ಹಳೇ ಕಾಲದ ಒಲೆಗಳ ಮಣ್ಣನ್ನು ಚೀಲಗಳಲ್ಲಿ ತುಂಬಿ ಕಳಿಸುತ್ತಾರೆ. ಅದನ್ನು ನೀರಿಗೆ ಹಾಕಿ ಕಲಕಿದರೆ ಮಣ್ಣು ತಳ ಸೇರುತ್ತದೆ. ಸುಟ್ಟು ಕರಕಲಾದ ಬೀಜ, ತೊಟ್ಟು, ಹೊಟ್ಟು ಮೇಲೆ ತೇಲುತ್ತವೆ. ತೇಲಿದ್ದನ್ನು ಜರಡಿಯಲ್ಲಿ ಹಿಡಿದು, ಒಣಗಿಸಿ, ಗಾಜಿನ ಬಟ್ಟಲಲ್ಲಿ ಹರಡಿ, ಮೂರೇ ಮೂರು ಕೂದಲಿನ ಕುಂಚದಿಂದ ಒಂದೊಂದನ್ನೇ ಬೇರೆ ಮಾಡಬೇಕು. ಸಾವಿರಾರು ವರ್ಷದ ಹಿಂದಿನವರು ಏನು ತಿಂದರು, ಏನು ಬಿಸಾಕಿದರು ಎಂಬುದು ಹೀಗೆ ತಿಳಿಯುತ್ತದೆ. ಬಿಸಾಕಿದ್ದೇ ಹೆಚ್ಚು ತಿಳಿಯುತ್ತದೆ. ಆ ಕಟ್ಟಡದಲ್ಲಿ ಅವರ ನಿಜವಾದ ಹೆಸರು ಸಂಬಳ ಬಟವಾಡೆ ಮಾಡುವವರಿಗೆ ಮಾತ್ರ ಗೊತ್ತಿತ್ತು; ಮಿಕ್ಕವರಿಗೆಲ್ಲ ಅವರು ಜರಡಿ ಮೇಡಂ.

ಗ್ಯಾಪು ಅಂದರೆ ಗ್ಯಾಪ್ ಇಯರ್ ಹುಡುಗಿ. ಶಾಲೆ ಮುಗಿಸಿ ಕಾಲೇಜು ಸೇರುವ ಮುಂಚೆ ಒಂದು ವರ್ಷ ಜಗತ್ತನ್ನು ನೋಡಲಿ ಎಂದು ಮಕ್ಕಳನ್ನು ಬಿಡುವ ಒಂದು ಯೋಜನೆ ಇತ್ತು. ಯೋಜನೆಯ ಬಣ್ಣಬಣ್ಣದ ಪುಸ್ತಿಕೆಯ ಮೇಲೆ ‘ನಿಮ್ಮನ್ನು ನೀವು ಕಂಡುಕೊಳ್ಳಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಿತ್ತು. ಹಾಗೆ ಕಂಡುಕೊಳ್ಳಲು ಹೊರಟವರಲ್ಲಿ ವರ್ಷಕ್ಕೊಬ್ಬರು ದಾರಿ ತಪ್ಪಿದವರ ಹಾಗೆ ಈ ನೆಲಮಾಳಿಗೆಗೆ ಬಂದು ಬೀಳುತ್ತಿದ್ದರು. ಈ ಹುಡುಗಿ ಹನ್ನೊಂದನೆಯವಳು. ಮೊದಲ ಹತ್ತು ಜನ ಇಲ್ಲಿ ತಮ್ಮನ್ನು ತಾವು ಕಂಡುಕೊಂಡರೋ ಇಲ್ಲವೋ, ಮೇಡಂಗೆ ಗೊತ್ತಿರಲಿಲ್ಲ. ಬೀಜಗಳನ್ನಂತೂ ಅವರು ಕಂಡುಕೊಂಡಿರಲಿಲ್ಲ.

“ಸರಿ, ಜರುಗು” ಎಂದು ಮೇಡಂ ಕನ್ನಡಕ ಹಣೆಗೇರಿಸಿ ಬಗ್ಗಿದರು.

ಬಟ್ಟಲಿನ ಬೆಳಕಿನ ವೃತ್ತದೊಳಗೆ, ಇದ್ದಿಲ ಪುಡಿಯ ನಡುವೆ, ಎರಡು ಬೀಜ ಪಕ್ಕಪಕ್ಕದಲ್ಲಿದ್ದವು. ಒಂದು ಸಾಸಿವೆ ಕಾಳಿನೊಳಗೆ ಅಂಥವು ಹತ್ತಾರು ಹಿಡಿಸಬಹುದು. ಮೂತ್ರಪಿಂಡದ ಆಕಾರ, ಮೈತುಂಬ ಜೇನುಗೂಡಿನಂಥ ಬಲೆ. ಅದನ್ನು ಒಮ್ಮೆ ನೋಡಿದವರು ಇನ್ನೊಂದು ಬೀಜವೆಂದು ತಪ್ಪು ತಿಳಿಯುವುದಿಲ್ಲ.

“ಹೊಗೆಸೊಪ್ಪು ಅಲ್ವಾ ಮೇಡಂ?”

“ಹೊಗೆಸೊಪ್ಪೇ.”

“ಈ ಒಲೆ ಹತ್ತು ಸಾವಿರ ವರ್ಷದ್ದಲ್ವಾ?”

“ಹೌದು.”

“ಅಂದ್ರೆ ಅಷ್ಟು ಹಿಂದೇನೇ...” ಗ್ಯಾಪು ಮಾತು ಮುಗಿಸಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಒಂದು ತರಹದ ಬೆಳಕು ಬಂದಿತ್ತು. ಮೇಡಂ ಅದನ್ನು ನೋಡಿದರು. ಅವರ ಎದೆ ಹಾರಲಿಲ್ಲ. ದಣಿದ ಎಮ್ಮೆ ಕೂರುವ ಹಾಗೆ ಅದು ಸುಮ್ಮನೆ ಕೂತುಬಿಟ್ಟಿತು. ಯಾಕೆಂದರೆ ಆ ಕೋಣೆಯಲ್ಲಿ ಎರಡು ಹೊಗೆಸೊಪ್ಪಿನ ಬೀಜ ಕಳೆದುಹೋಗಿವೆ ಎಂಬುದು ಭೂಮಿಯ ಮೇಲೆ ಅವರೊಬ್ಬರಿಗೆ ಮಾತ್ರ ಗೊತ್ತಿತ್ತು.

ಅದು ಹೀಗೆ. ಹೊಸಬರು ಬಂದ ಮೊದಲ ವಾರ ಮೇಡಂ ಅವರಿಗೆ ಹೇಳದೆ ಒಂದು ಪರೀಕ್ಷೆ ಇಡುತ್ತಿದ್ದರು. ಇಪ್ಪತ್ತು ಗಸಗಸೆ ಕಾಳನ್ನು ಕಾವಲಿಯ ಮೇಲೆ ಕರಕಲು ಮಾಡಿ, ಬೇಡದ ಹಳೇ ಮಣ್ಣಿನಲ್ಲಿ ಬೆರೆಸಿ, ಬಟ್ಟಲಿಗೆ ಹರಡಿ, “ಇದನ್ನು ಆರಿಸು” ಅನ್ನುತ್ತಿದ್ದರು. ಎಷ್ಟು ಸಿಕ್ಕವೋ ಅಷ್ಟು ಕಣ್ಣು. ಗಸಗಸೆಯೇ ಯಾಕೆಂದರೆ ಅವರಿಗೆ ಬರುವ ಯಾವ ಒಲೆಯಲ್ಲೂ ಗಸಗಸೆ ಇರುವಂತಿರಲಿಲ್ಲ. ಒಂದೆರಡು ಕಾಳು ಜರಡಿಗೆ ಅಂಟಿಕೊಂಡು ಮುಂದೆಂದೋ ಬೇರೆ ಮಣ್ಣಿನಲ್ಲಿ ತಲೆಹಾಕಿದರೂ ಅದು ನಮ್ಮದೇ ಎಂದು ಗುರುತಿಸಿ ಎಸೆಯಬಹುದು. ಹುಡುಕುವ ವಸ್ತುವನ್ನು ಹುಡುಕುವ ಕೋಣೆಗೆ ತರಬಾರದು ಎಂಬ ನಿಯಮವನ್ನು ಗೋಡೆಗೆ ಬರೆದು ಅಂಟಿಸಿದ್ದವರೂ ಅವರೇ.

ಈ ಸಲ ಗಸಗಸೆ ಖಾಲಿಯಾಗಿತ್ತು. ನೂರು ಗ್ರಾಂ ಗಸಗಸೆ ಬೇಕೆಂದು ಮೂರು ಸಲ ಬರೆದದ್ದಕ್ಕೆ ಉಗ್ರಾಣದವರು ಮೂರು ಸಲವೂ ‘ಮ್ಯೂಸಿಯಮ್ಮಿನಲ್ಲಿ ಅಡುಗೆ ನಿಷಿದ್ಧ’ ಎಂದು ಷರಾ ಬರೆದು ವಾಪಸು ಕಳಿಸಿದ್ದರು. ಮನೆಯಿಂದಲೇ ಒಂದು ಚಿಟಿಕೆ ತಂದಿದ್ದರೆ ಆಗುತ್ತಿತ್ತು. ಮೇಡಂ ಹಟ ಹಿಡಿದರು. ಮಾದರಿ ಬೀಜಗಳ ಕಪಾಟಿನಲ್ಲಿ ಸರಿಸುಮಾರು ಅದೇ ಗಾತ್ರದ ಹೊಗೆಸೊಪ್ಪಿನ ಬೀಜ ಇತ್ತು. ಆಗ ಕೆಲಸ ನಡೆಯುತ್ತಿದ್ದುದು ಯಾವುದೋ ಕಣಜದ ಮಣ್ಣಿನ ಮೇಲೆ. ಹೊಗೆಸೊಪ್ಪಿನ ಸುದ್ದಿಯೇ ಇರಲಿಲ್ಲ. ಇಪ್ಪತ್ತು ಎಣಿಸಿ, ಅವನ್ನೂ ಕರಕಲು ಮಾಡಿ ಹಾಕಿದರು. ಗ್ಯಾಪು ಹದಿನೆಂಟು ಆರಿಸಿದಳು. ಎರಡು ಎಲ್ಲಿ ಹೋದವೋ ಹೋದವು. ಅದಾದ ನಾಲ್ಕು ತಿಂಗಳಿಗೆ, ಹೊಗೆಸೊಪ್ಪು ಕಾಡುಗಿಡವಾಗಿ ಬೆಳೆಯುತ್ತಿದ್ದ ಸೀಮೆಯಿಂದ, ಈ ಹತ್ತು ಸಾವಿರ ವರ್ಷದ ಒಲೆಯ ಚೀಲಗಳು ಬಂದವು.

“ಪ್ರೊಫೆಸರ್‌ಗೆ ಹೇಳ್ಲಾ?” ಎಂದಳು ಗ್ಯಾಪು.

ತಡೆಯಬೇಕಿತ್ತು. ಮೇಡಂ ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲ ಮೇಲಿದ್ದಳು.

ಪ್ರೊಫೆಸರು ಎರಡು ಮಹಡಿ ಮೇಲಿನಿಂದ ಇಳಿದು ಬಂದ ವೇಗ ನೋಡಿದರೆ ಅವರಿಗೆ ಮೊಣಕಾಲೇ ಇಲ್ಲ ಅನ್ನಿಸಬೇಕು. ಬಟ್ಟಲು ನೋಡಿದರು, ಗ್ಯಾಪುವಿನ ಬೆನ್ನು ತಟ್ಟಿದರು, ಮತ್ತೆ ಬಟ್ಟಲು ನೋಡಿದರು. ಆಮೇಲೆ ನಿಂತಲ್ಲೇ ಒಂದು ಉಪನ್ಯಾಸ ಕೊಟ್ಟರು. ಹೊಗೆ ಅಂದರೆ ಆಕಾಶಕ್ಕೆ ಕಳಿಸುವ ಪತ್ರವಂತೆ. ಒಲೆಯ ಸುತ್ತ ಕೂತವರು ಪೂರ್ವಜರನ್ನು ಕರೆಯುತ್ತಿದ್ದರಂತೆ. ಬೇಸಾಯಕ್ಕಿಂತ ಮುಂಚೆಯೇ, ಹೊಟ್ಟೆಗೆ ಬೇಕಾದ್ದನ್ನು ಬೆಳೆಯುವ ಮುಂಚೆಯೇ, ಮನುಷ್ಯನಿಗೆ ಮನಸ್ಸಿಗೆ ಬೇಕಾದ್ದು ಸಿಕ್ಕಿತ್ತಂತೆ. ಎರಡು ಬೀಜದಿಂದ ಇಷ್ಟೆಲ್ಲ ಬಿಡಿಸಬಲ್ಲವರನ್ನೇ ಪ್ರೊಫೆಸರು ಮಾಡುತ್ತಾರೆ.

“ಲೇಖನದಲ್ಲಿ ಇವಳ ಹೆಸರು ಮೂರನೇದು” ಅಂದರು. “ಕಾಲೇಜಿನ ಅರ್ಜಿ ಜೊತೆ ಕಳಿಸಮ್ಮ. ಯಾರು ಸೀಟು ಕೊಡಲ್ಲ ಅಂತಾರೋ ನೋಡೋಣ.”

ಗ್ಯಾಪು ಆ ದಿನ ಕಾರಿಡಾರಿನಲ್ಲಿ ನಿಂತು ಅಮ್ಮನಿಗೆ ಫೋನು ಮಾಡಿದ್ದು ಬಾಗಿಲಾಚೆಯಿಂದ ಕೇಳುತ್ತಿತ್ತು. “ಇಲ್ಲಮ್ಮ, ಸುಳ್ಳಲ್ಲ... ಹೌದು, ನಾನೇ. ನಾನೇ ಕಂಡುಹಿಡಿದಿದ್ದು... ದೊಡ್ಡಮ್ಮಂಗೂ ಹೇಳು.” ಮೇಡಂಗೆ ಆ ಮನೆಯ ಕಥೆ ಅಷ್ಟಿಷ್ಟು ಗೊತ್ತಿತ್ತು. ಹುಡುಗಿ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಮಗುಚಿಕೊಂಡಿದ್ದಳು. ಗ್ಯಾಪ್ ಇಯರ್ ಎನ್ನುವುದು ಅಮ್ಮ ನೆಂಟರ ಮುಂದೆ ಆ ಮಗುಚಿಕೊಂಡದ್ದಕ್ಕೆ ಹೊದಿಸಿದ ಶಾಲು.

ಸಂಜೆ ಮನೆಯಲ್ಲಿ ಅಣ್ಣ ಅಡುಗೆಮನೆಯ ಕಿಟಕಿಯ ಪಕ್ಕ ಕೂತು, ಹೊತ್ತಿಸದ ಸಿಗರೇಟನ್ನು ಬೆರಳ ಮಧ್ಯೆ ಇಟ್ಟುಕೊಂಡು ಬೀದಿ ನೋಡುತ್ತಿದ್ದ. ಮೂವತ್ತೈದು ವರ್ಷ ಬಸ್ಸು ಓಡಿಸಿದವನು. ಈಗ ಎರಡು ಮಹಡಿ ಹತ್ತಿದರೆ ನಡುವೆ ಮೂರು ನಿಲ್ದಾಣ. ಅತ್ತಿಗೆ ಹೋದಮೇಲೆ ತಂಗಿಯ ಮನೆಗೆ ಬಂದಿದ್ದ. ಡಾಕ್ಟರು ಸೇದಬೇಡ ಎಂದಿದ್ದರು, ಹಿಡಿದುಕೊಳ್ಳಬೇಡ ಎಂದಿರಲಿಲ್ಲ.

ಮೇಡಂ ಚೀಲ ಕೆಳಗಿಟ್ಟು, ನಿಂತಲ್ಲೇ ಎಲ್ಲ ಹೇಳಿದರು. ಅವನಿಗಲ್ಲದೆ ಇನ್ಯಾರಿಗೆ ಹೇಳಬೇಕು.

“ಎಷ್ಟು ಪುಟ್ಟಿ, ಎರಡು ಬೀಜನಾ?” ಐವತ್ತಾರು ವರ್ಷದ ತಂಗಿಯನ್ನು ಅವನು ಇನ್ನೂ ಪುಟ್ಟಿ ಅಂತಲೇ ಕರೆಯುತ್ತಿದ್ದ. “ಎರಡು ಬೀಜಕ್ಕೆ ಇಷ್ಟೊಂದು ಮುಖ ಬಾಡಿಸ್ಕೊಂಡು ಬಂದಿದೀಯ? ನಾನು ಒಂದ್ಸಲ ಇಡೀ ಬಸ್ಸನ್ನೇ ಬೇರೆ ಊರಿಗೆ ತಗೊಂಡೋಗಿದ್ದೆ.”

“ಆಗ ಯಾರೂ ನಿನ್ನ ಮೇಲೆ ಲೇಖನ ಬರೀಲಿಲ್ಲ.”

“ಮೆಮೋ ಬರೆದ್ರು.” ಅವನು ಕೆಮ್ಮಿದ. ಕೆಮ್ಮು ಮುಗಿಯುವವರೆಗೂ ಇಬ್ಬರೂ ಕಾದರು. “ಆ ಬೀಜ ಎಷ್ಟು ಹಳೇದು ಅಂತ ಮಿಷನ್ನಿಗೆ ಹಾಕಿ ನೋಡಕ್ಕಾಗಲ್ವಾ?”

“ತೂಕ ಸಾಲಲ್ಲ. ಅದು ಬೀಜ ಅಲ್ಲಣ್ಣ, ಬೀಜದ ನೆನಪು.”

“ಹಾಗಾದ್ರೆ ನಿಂದೂ ಆಗಿರಬಹುದು, ಅವರದೂ ಆಗಿರಬಹುದು.”

“ಅದೇ ತಾನೇ ಗೋಳು.”

“ಸುಮ್ನಿದ್ರೆ ಏನಾಗುತ್ತೆ?”

ಮೇಡಂ ಅನ್ನಕ್ಕೆ ಇಟ್ಟರು. ಸುಮ್ಮನಿದ್ದರೆ ಏನೂ ಆಗುವುದಿಲ್ಲ, ಅದೇ ಕಷ್ಟ. ಹುಡುಗಿಗೆ ಸೀಟು ಸಿಗುತ್ತದೆ, ಪ್ರೊಫೆಸರಿಗೆ ಪೂರ್ವಜರು ಸಿಗುತ್ತಾರೆ, ಪುಸ್ತಕಗಳಲ್ಲಿ ಒಂದು ಸಾಲು ಸೇರಿಕೊಳ್ಳುತ್ತದೆ. ಬಾಯಿಬಿಟ್ಟರೆ ತಮ್ಮ ಕೋಣೆಯಲ್ಲಿ ತಮ್ಮ ನಿಯಮವನ್ನು ತಾವೇ ಮುರಿದದ್ದನ್ನು ಹೇಳಿಕೊಳ್ಳಬೇಕು. ಇಪ್ಪತ್ನಾಲ್ಕು ವರ್ಷ ಎಣಿಸಿದ್ದೆಲ್ಲದರ ಮೇಲೂ ಜನ ಅನುಮಾನದ ಕಣ್ಣು ಇಡಬಹುದು.

“ನಿಮ್ಮ ಪ್ರೊಫೆಸರು ಹೇಳಿದ್ನಲ್ಲ, ದೇವರನ್ನ ಕರೆಯಕ್ಕೆ ಸೇದ್ತಿದ್ರು ಅಂತ” ಅಣ್ಣ ಕಿಟಕಿಯತ್ತಲೇ ನೋಡುತ್ತ ಹೇಳಿದ. “ಅದೆಲ್ಲ ಸುಳ್ಳು ಕಣೆ. ಬೆಳಗ್ಗಿಂದ ಜಿಂಕೆ ಹಿಂದೆ ಓಡಿರ್ತಾರೆ. ಜಿಂಕೆ ಸಿಕ್ಕಿರಲ್ಲ. ಸಾಕಾಗಿರುತ್ತೆ. ಇವತ್ತಿನ ಕೆಲಸ ಮುಗೀತು ಅಂತ ಮೈಗೆ ಗೊತ್ತಾಗಬೇಕಲ್ಲ, ಅದಕ್ಕೆ ಒಂದು ಎಲೆ ಬೇಕು. ಅಷ್ಟೇ. ನಾನು ಸೇದಿದ್ದೂ ಅದಕ್ಕೇ.”

ಪ್ರೊಫೆಸರಿನ ಉಪನ್ಯಾಸಕ್ಕಿಂತ ಇದೇ ಮೇಡಂಗೆ ನಂಬುವಂತೆ ಕಂಡಿತು.

ಮರುದಿನ ಅವರು ಎರಡು ಮಹಡಿ ಹತ್ತಿ ಹೋಗಿ ಪ್ರೊಫೆಸರಿಗೆ ಎಲ್ಲ ಹೇಳಿದರು. ಪ್ರೊಫೆಸರು ಕೇಳಿಸಿಕೊಂಡರು. ಕೋಪ ಮಾಡಿಕೊಳ್ಳಲಿಲ್ಲ. ಕೋಪ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಇಪ್ಪತ್ತೇ ಹಾಕಿದ್ದು ಅಂತ ನಿಮಗೆ ಗ್ಯಾರಂಟೀನಾ?” ಎಂದು ಮೆತ್ತಗೆ ಕೇಳಿದರು.

“ಹೌದು.”

“ಎಂಟು ತಿಂಗಳ ಹಿಂದಿನ ಮಾತು. ಅಷ್ಟು ಸಣ್ಣ ಬೀಜ. ನಿಮಗೂ ಆಗ ಕಣ್ಣಿಗೆ ಏನೋ ತೊಂದ್ರೆ ಇತ್ತಲ್ಲ. ಹದಿನೆಂಟೇ ಹಾಕಿರಬಹುದು. ಹದಿನೆಂಟು ಹಾಕಿದ್ರಿ, ಹದಿನೆಂಟು ಸಿಕ್ತು. ಎಲ್ಲ ಸರಿಹೋಯ್ತಲ್ಲ.”

ಮೇಡಂ ಕುರ್ಚಿಯ ಕೈ ಹಿಡಿದುಕೊಂಡರು. ಎಷ್ಟು ಸಲೀಸು. ಹೌದು ಸಾರ್, ಇರಬಹುದು ಎಂದರೆ ಸಾಕು, ಎಲ್ಲರೂ ಬದುಕಿಕೊಳ್ಳುತ್ತಾರೆ. ಆದರೆ ಎಣಿಸುವುದೊಂದೇ ಅವರಿಗೆ ಬರುತ್ತಿದ್ದ ವಿದ್ಯೆ. ಮದುವೆ ಅವರಿಗೆ ಒಗ್ಗಲಿಲ್ಲ, ಸಂಗೀತ ಕೈಹತ್ತಲಿಲ್ಲ, ಸೈಕಲ್ಲು ಕಲಿಯಲು ಹೋಗಿ ಹಲ್ಲು ಮುರಿದುಕೊಂಡರು. ಇಪ್ಪತ್ತು ಎಂದರೆ ಇಪ್ಪತ್ತು ಎಂಬುದೊಂದನ್ನು ಕಟ್ಟಿಕೊಂಡು ಇಲ್ಲಿಯವರೆಗೆ ಬಂದಿದ್ದರು.

“ಇಪ್ಪತ್ತು ಸಾರ್” ಎಂದರು. “ಆ ಒಲೆಯ ಇನ್ನರ್ಧ ಮಣ್ಣು ಸೀಲು ಹಾಕಿ ಉಗ್ರಾಣದಲ್ಲಿದೆ. ಅದು ನನ್ನ ಕೋಣೆಗೆ ಬಂದೇ ಇಲ್ಲ. ಅದರಲ್ಲೂ ಸಿಕ್ಕರೆ ನಿಮ್ಮ ಒಲೆಯದು. ಸಿಗದಿದ್ದರೆ ನನ್ನದು.”

“ಅದು ಮುಂದಿನ ಪೀಳಿಗೆಗೆ ಅಂತ ಎತ್ತಿಟ್ಟಿರೋದು.”

“ಮುಂದಿನ ಪೀಳಿಗೆ ಕೆಳಗಡೆ ಕೂತಿದೆ ಸಾರ್. ಅದರ ಹೆಸರನ್ನೇ ನೀವು ಲೇಖನಕ್ಕೆ ಹಾಕೋದು.”

ಪ್ರೊಫೆಸರು ಬಹಳ ಹೊತ್ತು ಪೇಪರ್‌ವೇಟನ್ನು ತಿರುಗಿಸಿದರು. ಕೊನೆಗೆ ಉಗ್ರಾಣಕ್ಕೆ ಚೀಟಿ ಬರೆದು ಸಹಿ ಹಾಕಿ, “ಒಂದೂವರೆ ತಿಂಗಳು” ಅಂದರು. “ಆಮೇಲೆ ನಾನು ಕಾಯಲ್ಲ.”

ಇನ್ನು ಗ್ಯಾಪುವಿಗೆ ಹೇಳಬೇಕಿತ್ತು. ಅದು ಪ್ರೊಫೆಸರಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಅವಳು ಕುಂಚ ಕೆಳಗಿಟ್ಟು, ಕೈಕಟ್ಟಿ ಕೇಳಿದಳು. ಮುಖದ ಬೆಳಕು ಯಾರೋ ಬತ್ತಿ ಇಳಿಸಿದ ಹಾಗೆ ಇಳಿಯಿತು.

“ಮೊದಲನೇ ವಾರ ಕೊಟ್ಟಿದ್ದು ಪರೀಕ್ಷೆನಾ?”

“ಹೌದು.”

“ನನಗೆ ಹೇಳ್ಲೇ ಇಲ್ಲ.”

“ಯಾರಿಗೂ ಹೇಳಲ್ಲ.”

“ಅಂದ್ರೆ ಅದರಲ್ಲೂ ಫೇಲಾಗಿದ್ದೆ ನಾನು.” ಅವಳು ನಕ್ಕ ರೀತಿ ಚೆನ್ನಾಗಿರಲಿಲ್ಲ. “ನಾನು ಬಿಟ್ಟ ಬೀಜನೇ ನಾನು ಹುಡುಕಿದೆ. ಅಮ್ಮ ದೊಡ್ಡಮ್ಮಂಗೆ, ದೊಡ್ಡಮ್ಮ ಊರಿಗೆಲ್ಲ ಹೇಳಿಯಾಯ್ತು.”

“ನಿನಗಿಂತ ಮುಂಚೆ ಹತ್ತು ಜನ ಬಂದಿದ್ರು” ಎಂದರು ಮೇಡಂ. “ಹದಿನೈದು ದಾಟಿದವರು ಇಬ್ಬರೇ. ಒಬ್ಬ ನಾಲ್ಕು ಆರಿಸಿದ, ಅದರಲ್ಲಿ ಮೂರು ಮರಳು. ಹದಿನೆಂಟು ಯಾರಿಗೂ ಬಂದಿಲ್ಲ.”

ಗ್ಯಾಪು ಅವರನ್ನೇ ನೋಡಿದಳು. “ಇದನ್ನ ಆವತ್ತೇ ಹೇಳಬಹುದಿತ್ತಲ್ಲ.”

ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎಂದು ಮೇಡಂ ಯೋಚಿಸಿದರು. ಪ್ರತಿ ವರ್ಷ ಒಬ್ಬರಿಗೆ ಕಲಿಸುವುದು, ಅವರು ಕಲಿಯುವಷ್ಟರಲ್ಲಿ ಹೋಗಿಬಿಡುವುದು, ಮತ್ತೆ ಜರಡಿ ಎಂದರೇನು ಎಂಬಲ್ಲಿಂದ ಶುರುಮಾಡುವುದು. ಹೊಗಳಿಕೆಯೂ ಒಂದು ಕೆಲಸ. ಅದಕ್ಕೆ ಅವರಲ್ಲಿ ಕಸುವು ಉಳಿದಿರಲಿಲ್ಲ.

“ಇನ್ನರ್ಧ ಮಣ್ಣು ನೋಡಬೇಕು” ಎಂದಷ್ಟೇ ಹೇಳಿದರು. “ಇಬ್ಬರು ಕೂತರೆ ಐದು ವಾರ. ನಿನಗೆ ಇನ್ನು ಮೂರು ವಾರ ಇದೆ. ಆಮೇಲೆ ಯೋಜನೆಯವರು ನಿನ್ನನ್ನ ಸಮುದ್ರದ ದಡಕ್ಕೆ ಕಳಿಸ್ತಾರಲ್ಲ, ಆಮೆ ಎಣಿಸೋಕೆ.”

“ಆಮೆ ನಾನಿಲ್ದೇ ಇದ್ರೂ ಮೊಟ್ಟೆ ಇಡ್ತಾವೆ ಮೇಡಂ” ಎಂದು ಗ್ಯಾಪು ಕುಂಚ ತೆಗೆದುಕೊಂಡಳು.

ಹೊಸ ಜರಡಿ ಬಂತು. ಕೋಣೆಯನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದರು. ಮಾದರಿ ಕಪಾಟಿನ ಬೀಗದ ಕೈಯನ್ನು ಮೇಡಂ ತಾವಾಗಿಯೇ ಪ್ರೊಫೆಸರಿನ ಮೇಜಿಗೆ ಕಳಿಸಿಬಿಟ್ಟರು. ಇಬ್ಬರ ಮೇಲಂಗಿಗಳೂ ಒಗೆತಕ್ಕೆ ಹೋದವು. ಆಮೇಲೆ ಶುರುವಾಯಿತು ನೋಡಿ, ದಿನಕ್ಕೆ ಆರು ಬಟ್ಟಲು, ಬಟ್ಟಲಿಗೊಂದು ಗಂಟೆ, ಗಂಟೆಗೊಮ್ಮೆ ಕಣ್ಣಿಗೆ ತಣ್ಣೀರು. ಇದ್ದಿಲು, ಹುಲ್ಲಿನ ಬೀಜ, ಮೀನಿನ ಮುಳ್ಳು, ಮತ್ತೆ ಇದ್ದಿಲು. ಹಕ್ಕಿಯ ಮೂಳೆ. ಹತ್ತು ಸಾವಿರ ವರ್ಷದ ಹಿಂದಿನ ಆ ಮನೆಯವರು ಕಸ ಗುಡಿಸುವುದರಲ್ಲಿ ಸೋಮಾರಿಗಳಾಗಿದ್ದರು ಎಂಬುದು ಮೊದಲ ವಾರದಲ್ಲೇ ಖಾತ್ರಿಯಾಯಿತು. ಎರಡನೇ ವಾರ ಗ್ಯಾಪುವಿನ ಕುತ್ತಿಗೆ ಹಿಡಿದುಕೊಂಡಿತು. ಮೂರನೇ ವಾರ ಯೋಜನೆಯವರಿಂದ ಆಮೆಗಳ ವಿಷಯದಲ್ಲಿ ಒಂದು ಖಾರವಾದ ಪತ್ರ ಬಂತು. ಅವಳು ಅದನ್ನು ಮಡಚಿ ಕುಂಟುತ್ತಿದ್ದ ಮೇಜಿನ ಕಾಲಡಿ ಇಟ್ಟಳು. ಅಮ್ಮನ ಫೋನು ದಿನಕ್ಕೆರಡು ಸಲ ಬರುತ್ತಿತ್ತು. “ಇನ್ನೂ ಗ್ಯಾರಂಟಿಯಾಗಿಲ್ಲಮ್ಮ” ಎಂದು ದಿನಕ್ಕೆರಡು ಸಲ ಹೇಳುತ್ತಿದ್ದಳು. ದನಿ ದಿನದಿಂದ ದಿನಕ್ಕೆ ಚಪ್ಪಟೆಯಾಗುತ್ತಿತ್ತು.

ನಾಲ್ಕನೇ ವಾರ ಮುಗಿದರೂ ಏನೂ ಸಿಗಲಿಲ್ಲ. 

ಐದನೇ ವಾರದ ಬುಧವಾರ, ಊಟದ ಡಬ್ಬಿ ತೊಳೆದು ಬಂದು ಕೂತ ಸ್ವಲ್ಪ ಹೊತ್ತಿಗೆ, ಗ್ಯಾಪುವಿನ ಕುಂಚ ನಿಂತಿತು. ಈ ಸಲ ಅವಳು ಕರೆಯಲಿಲ್ಲ. ಸುಮ್ಮನೆ ಹಿಂದಕ್ಕೆ ಒರಗಿ ಕೂತಳು. ಮೇಡಂ ಎದ್ದು ಹೋಗಿ ನೋಡಿದರು. ಒಂದು. ಬಲೆ ಬಲೆ ಮೈ, ಮೂತ್ರಪಿಂಡದ ಆಕಾರ.

“ಸಿಕ್ತಲ್ಲ” ಎಂದರು ಮೇಡಂ.

ಗ್ಯಾಪು ಅವರ ಮುಖವನ್ನು ಬೀಜ ನೋಡುವ ಹಾಗೆ ನೋಡಿದಳು.

“ನೀವು ಹಾಕಿದ್ರಾ?”

“ಏನು?”

“ನಿಜ ಹೇಳಿ ಮೇಡಂ. ನನಗೆ ಬೇಜಾರಾಗುತ್ತೆ ಅಂತ ನೀವೇ ಹಾಕಿದ್ರಾ? ಆವತ್ತೂ ಹೇಳದೆ ತಾನೇ ಹಾಕಿದ್ದು.”

“ಕಪಾಟಿನ ಬೀಗದ ಕೈ ಮೇಲಿದೆ.”

“ಅದನ್ನ ಕಳಿಸೋ ಮುಂಚೆ ಒಂದೆರಡು ಎತ್ತಿಟ್ಕೊಂಡಿರಬಹುದಲ್ಲ. ನಾನು ಊಟಕ್ಕೆ ಹೋದಾಗ ಬಟ್ಟಲು ಇಲ್ಲೇ ಇತ್ತು.”

ಮೇಡಂಗೆ ನಗು ಬಂತು. ಇಪ್ಪತ್ನಾಲ್ಕು ವರ್ಷದಲ್ಲಿ ಅವರ ಮೇಲೆ ಜಿಪುಣಿ, ಸಿಡುಕಿ, ಕಲ್ಲುಮನಸ್ಸು ಎಂಬ ಆಪಾದನೆಗಳೆಲ್ಲ ಬಂದಿದ್ದವು. ಕನಿಕರ ತೋರಿಸಿದರು ಎಂಬ ಆಪಾದನೆ ಇದೇ ಮೊದಲು. ಆದರೆ ಹುಡುಗಿ ನಗುತ್ತಿರಲಿಲ್ಲ. ಅವಳ ಕಣ್ಣಂಚು ಕೆಂಪಾಗಿತ್ತು. ಐದು ವಾರ ಮೈಕ್ರೋಸ್ಕೋಪಿಗೆ ಅಂಟಿದ್ದಕ್ಕೋ ಇನ್ಯಾಕೋ. ತಾವು ಹಾಕಿಲ್ಲ ಎಂದು ಆಣೆ ಮಾಡಿದರೂ ಅದು ಅವಳ ಬಟ್ಟಲಲ್ಲಿ ಕಾಣುವಂಥ ಸಾಕ್ಷಿಯಲ್ಲ ಎಂದು ಮೇಡಂಗೆ ತಿಳಿಯಿತು. ಅವಳನ್ನು ಹಾಗೆ ಮಾಡಿದವರು ಅವರೇ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಯಾರ ಮಾತನ್ನೂ ನಂಬಬೇಡ ಎಂದು ದಿನಾ ಪಾಠ ಹೇಳಿದ್ದವರೂ ಅವರೇ.

“ಎಷ್ಟು ಉಳಿದಿದೆ ಮಣ್ಣು?” ಎಂದು ಕೇಳಿದರು.

“ಒಂದು ಸಣ್ಣ ಚೀಲ. ಹನ್ನೆರಡು ಬಟ್ಟಲು ಆಗಬಹುದು.”

“ಇದನ್ನ ಬೇರೆ ಇಡು. ಲೆಕ್ಕಕ್ಕೆ ಬೇಡ. ಉಳಿದ ಚೀಲದ ಸೀಲು ನೀನೇ ಒಡಿ, ನೀನೇ ತೇಲಿಸು, ನೀನೇ ಆರಿಸು. ಊಟಕ್ಕೆ ಹೋಗುವಾಗ ಬೀಗ ಹಾಕ್ಕೊಂಡು ಹೋಗು. ನಾನು ಒಳಗೆ ಬರಲ್ಲ.”

“ಎಲ್ಲಿರ್ತೀರ ಮತ್ತೆ?”

“ಹೊರಗೆ ಬೆಂಚಿದೆಯಲ್ಲ.”

ಕಾರಿಡಾರಿನ ಬೆಂಚು ಯಾವುದೋ ಪ್ರದರ್ಶನಕ್ಕೆಂದು ಮಾಡಿಸಿ ಮಿಕ್ಕಿದ್ದು. ಬೆನ್ನಿಗೆ ಗೋಡೆಯ ಹೊರತು ಆಸರೆಯಿರಲಿಲ್ಲ. ಮೇಡಂ ಗುರುವಾರ ಬೆಳಗ್ಗೆ ಅದರ ಮೇಲೆ ಕೂತರು. ಬಾಗಿಲಿನ ಮಬ್ಬು ಗಾಜಿನಾಚೆ ಗ್ಯಾಪುವಿನ ಬಗ್ಗಿದ ಬೆನ್ನು ಮಾತ್ರ ಕಾಣುತ್ತಿತ್ತು. ಒಳಗಿನಿಂದ ನೀರಿನ ಸದ್ದು. ಕಲಕುವುದು ಸ್ವಲ್ಪ ಜೋರಾಯಿತು ಅನ್ನಿಸಿ ಎದ್ದು ಬಾಗಿಲ ಬಳಿ ಹೋದರು. ಮತ್ತೆ ವಾಪಸು ಬಂದು ಕೂತರು. ಗುಡಿಸುವಾಕೆ ಪೊರಕೆ ಹಿಡಿದು ಹಾದುಹೋಗುವಾಗ ನಿಂತಳು.

“ಏನ್ ಮೇಡಂ, ಹೊರಗೆ ಹಾಕ್ಬಿಟ್ರಾ?”

“ನಾನೇ ಬಂದೆ.”

“ಒಳ್ಳೇದಾಯ್ತು ಬಿಡಿ. ಸ್ವಲ್ಪ ಗಾಳಿ ಆಡಲಿ” ಎಂದು ಅವಳು ಅವರ ಕಾಲನ್ನು ಎತ್ತಿಸಿ ಬೆಂಚಿನಡಿ ಗುಡಿಸಿ ಹೋದಳು.

ಕೈ ಎಲ್ಲಿಡುವುದೆಂದು ಮೇಡಂಗೆ ತಿಳಿಯಲಿಲ್ಲ. ತೊಡೆಯ ಮೇಲಿಟ್ಟರು, ಅವು ತಮ್ಮ ಪಾಡಿಗೆ ತಾವು ಸೀರೆಯ ಮೇಲಿನ ದೂಳನ್ನು ಬೇರೆ ಮಾಡತೊಡಗಿದವು. ಸುಮ್ಮನೆ ಕೂರುವುದು ಅಷ್ಟು ಶ್ರಮದ ಕೆಲಸ ಎಂದು ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳೆಯ ದಣಿವುಗಳೆಲ್ಲ ಒಂದೊಂದಾಗಿ ಬಂದು ಪಕ್ಕದಲ್ಲಿ ಕೂತವು. ಹೀಗೇ ಒಬ್ಬರು ಒಲೆಯ ಪಕ್ಕ ಕೂತಿರಬೇಕು, ದಿನದ ಕೆಲಸವೆಲ್ಲ ಕೈಬಿಟ್ಟ ಮೇಲೆ. ಕೈಗೆ ಸಿಕ್ಕ ಒಂದು ಎಲೆಯನ್ನು ಮಡಚಿ ಬಾಯಿಗಿಟ್ಟಿರಬೇಕು, ಕಹಿ ಎಂದು ಉಗುಳಿ, ಆಮೇಲೆ ಯಾಕೋ ಇನ್ನೊಂದನ್ನು ಇಟ್ಟಿರಬೇಕು. ಆ ಯಾಕೋ ಎಂಬುದು ಮಾತ್ರ ಕರಕಲಾಗಿ ಉಳಿಯುವುದಿಲ್ಲ.

ಗುರುವಾರ ಕಳೆಯಿತು. ಶುಕ್ರವಾರ ನಾಲ್ಕೂಕಾಲಿಗೆ ಬಾಗಿಲು ತೆರೆಯಿತು. ಗ್ಯಾಪು ಹೊಸ್ತಿಲಲ್ಲಿ ನಿಂತಿದ್ದಳು. ಕೂದಲೆಲ್ಲ ಕೆದರಿತ್ತು, ಮೂಗಿನ ಮೇಲೆ ಇದ್ದಿಲ ಗೆರೆ.

“ಬನ್ನಿ” ಎಂದಳು. “ಕೈ ಹಿಂದಕ್ಕೆ ಕಟ್ಕೊಂಡು ಬನ್ನಿ.”

ಮೇಡಂ ಶಾಲೆಯಲ್ಲಿ ಶಿಕ್ಷೆಗೆ ಒಳಗಾದವರ ಹಾಗೆ ಕೈ ಹಿಂದೆ ಕಟ್ಟಿಕೊಂಡು ಒಳಗೆ ಹೋದರು. ಹೊಸ್ತಿಲಿಂದ ಮೇಜಿಗೂ ಹನ್ನೆರಡೇ ಹೆಜ್ಜೆ. ಕನ್ನಡಕವನ್ನು ಗ್ಯಾಪುವೇ ಅವರ ಹಣೆಗೇರಿಸಿದಳು. ಅವರು ಬಗ್ಗಿ ನೋಡಿದರು, ಬಹಳ ಹೊತ್ತು. ಒಂದು ಬೀಜ ಇಡಿಯಾಗಿತ್ತು. ಸ್ವಲ್ಪ ದೂರದಲ್ಲಿ ಇನ್ನೊಂದರ ಅರ್ಧ, ಒಡೆದ ಅಂಚಿನೊಂದಿಗೆ.

“ಒಂದೂವರೆ” ಎಂದಳು ಗ್ಯಾಪು.

“ಅರ್ಧ ಲೆಕ್ಕಕ್ಕಿಲ್ಲ.”

“ಗೊತ್ತು. ಒಂದು ಅಂತಲೇ ಬರೆದಿದೀನಿ. ಮೊದಲು ಸಿಕ್ಕ ಆ ಎರಡನ್ನ, ಬುಧವಾರದ್ದನ್ನ, ಮೂರನ್ನೂ ಬೇರೆ ಕೊಳವೆಗೆ ಹಾಕಿ ‘ಎಲ್ಲಿಂದ ಬಂತೋ ಗೊತ್ತಿಲ್ಲ’ ಅಂತ ಚೀಟಿ ಅಂಟಿಸಿದೀನಿ.” ಅವಳು ಆ ಕೊಳವೆಯನ್ನು ದೀಪಕ್ಕೆ ಹಿಡಿದಳು. “ನನ್ನ ಎರಡು ಎಷ್ಟು ಚೆನ್ನಾಗಿದ್ವು ಅಲ್ವಾ.”

“ಚೆನ್ನಾಗಿದ್ವು” ಎಂದರು ಮೇಡಂ. “ನೀನು ಮಾಡಿದ್ದೂ ಚೆನ್ನಾಗಿದೆ.” ಹೇಳಿದ ಮೇಲೆ, ಅದು ಅಂದುಕೊಂಡಷ್ಟು ಕಷ್ಟವಾಗಿರಲಿಲ್ಲ ಎಂದು ಅವರಿಗೆ ಆಶ್ಚರ್ಯವಾಯಿತು.

ಇಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಹಿಗ್ಗಬೇಕಿತ್ತು. ಹತ್ತು ಸಾವಿರ ವರ್ಷದ ಸುದ್ದಿ ಅದು. ಆದರೆ ಇಬ್ಬರ ಕಣ್ಣೂ ಉರಿಯುತ್ತಿತ್ತು. ಗ್ಯಾಪುವಿಗೆ ಕುತ್ತಿಗೆ ತಿರುಗುತ್ತಿರಲಿಲ್ಲ, ಮೇಡಂಗೆ ಮೊಣಕಾಲು ಮಡಚುತ್ತಿರಲಿಲ್ಲ. ಗುಡಿಸುವಾಕೆ ದೂರದಲ್ಲಿ ದೀಪ ಆರಿಸುತ್ತ ಬರುತ್ತಿದ್ದಳು.

“ಪ್ರೊಫೆಸರ್‌ಗೆ ಯಾರು ಹೇಳೋದು?” ಎಂದಳು ಗ್ಯಾಪು.

“ನೀನೇ ಹೇಳು.”

“ನಾಳೆ ಹೇಳ್ತೀನಿ ಮೇಡಂ. ಎರಡು ಮಹಡಿ ಹತ್ತಕ್ಕೆ ಈಗ ನನ್ ಕೈಲಾಗಲ್ಲ.”

“ಇವತ್ತೇ ಹೋಗಿ ಹೇಳಿ ಬಾ” ಎಂದರು ಮೇಡಂ, ಗೋಡೆಗೆ ತಲೆ ಒರಗಿಸಿ ಕಣ್ಣುಮುಚ್ಚಿಕೊಂಡು. “ನಾಳೆ ಅವರೇ ಇಳಿದು ಬಂದು ಬಟ್ಟಲು ನೋಡಿದ್ರೆ, ಅವರೇ ಹುಡುಕಿದ್ದು ಅಂತಾಗುತ್ತೆ.”

ಗ್ಯಾಪು ನಿಟ್ಟುಸಿರು ಬಿಟ್ಟು ಎದ್ದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ನಿಧಾನವಾಗಿ, ಒಂದೊಂದಾಗಿ ಕೇಳುತ್ತಿತ್ತು. ಮೇಡಂ ಎಣಿಸಲಿಲ್ಲ.